ಕಲ್ಲು ಯಾರದು, ಕಥೆ ಯಾರದು?

ಪ್ರತಿವರ್ಷವೂ ಜೂನ್ ೨೧ರ ಸುಮಾರಿಗೆ, ದಕ್ಷಿಣ ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲಿನಲ್ಲಿ ಸಾವಿರಾರು ಜನರು ಇರುಳೆಲ್ಲ ಎಚ್ಚರವಿದ್ದು ಸೂರ್ಯೋದಯವನ್ನು ಎದುರುನೋಡುತ್ತಾರೆ. ಅವರ ಸುತ್ತಲೂ ಆಳೆತ್ತರವನ್ನು ಬಹುವಾಗಿ ಮೀರಿದ ಬಂಡೆಗಳು ವರ್ತುಲಾಕಾರವಾಗಿ ನಿಂತಿವೆ. ಬಿಳಿಯ ನಿಲುವಂಗಿಯನ್ನು ತೊಟ್ಟ ಕೆಲವರು ತಮ್ಮನ್ನು ‘ಡ್ರೂಯಿಡ’ರೆಂದು, ಎಂದರೆ ಪ್ರಾಚೀನ ಬ್ರಿಟನ್ನಿನ ಪುರೋಹಿತರ ಪರಂಪರೆಯವರೆಂದು, ಕರೆದುಕೊಂಡು ಪ್ರಾರ್ಥನೆ ಸಲ್ಲಿಸುತ್ತಾರೆ. ಮಿಕ್ಕವರಲ್ಲಿ ಕುತೂಹಲಿಗಳೂ ಉಂಟು, ಹಾಡಿ ಕುಣಿಯಲು ಬಂದವರೂ ಉಂಟು. ವರ್ಷದ ಅತಿ ದೀರ್ಘವಾದ ಹಗಲು ಮೊದಲಾಗುವ ಆ ಗಳಿಗೆಯಲ್ಲಿ ಸೂರ್ಯನು, ವರ್ತುಲದ ಹೊರಗೆ ಒಂಟಿಯಾಗಿ ನಿಂತಿರುವ ‘ಹೀಲ್ ಕಲ್ಲಿ’ನ ದಿಕ್ಕಿನಲ್ಲಿ ಮೂಡುತ್ತಾನೆ. ಈ ಕಲ್ಲುಗಳ ಸಮೂಹವೇ ಜಗತ್ಪ್ರಸಿದ್ಧವಾದ ಸ್ಟೋನ್‌ಹೆಂಜ್.

ಒಮ್ಮೆ ಈ ವಿಷಯ ನಮ್ಮ ತರಗತಿಯಲ್ಲಿಯೂ ಬಂದಿತು. ಭೂಮಿಯ ಅಕ್ಷದ ಓರೆಯನ್ನು ಕುರಿತು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸಾರ್, ಗ್ರಹಣಗಳನ್ನು ಲೆಕ್ಕ ಹಾಕುವುದಕ್ಕೆ ಐದು ಸಾವಿರ ವರ್ಷಗಳ ಹಿಂದೆಯೇ ಕಲ್ಲಿನ ಕಂಪ್ಯೂಟರ್ ಕಟ್ಟಿದ್ದರಂತೆ, ನಿಜವೇ?” ಎಂದು ಕೇಳಿದನು. ಹಿಂದಿನ ಬೆಂಚಿನಿಂದ ಇನ್ನೊಬ್ಬನು, “ಅದನ್ನು ಕಟ್ಟಿದವರು ಬೇರೆ ಲೋಕದವರಂತೆ” ಎಂದನು. ತರಗತಿ ನಕ್ಕಿತು. ನಾವೂ ನಕ್ಕು ಪಾಠವನ್ನು ಮುಂದುವರಿಸಿದೆವು. ಹಾಗೆ ನಕ್ಕು ಬಿಟ್ಟದ್ದು ಅಧ್ಯಾಪಕರಾದ ನಮ್ಮ ತಪ್ಪೆಂದು ಈಗ ತೋರುತ್ತದೆ. ಆ ಪ್ರಶ್ನೆಗೆ ಸಲ್ಲಬೇಕಾಗಿದ್ದ ಉತ್ತರವನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು, ನಿಶ್ಚಿತವಾಗಿ ತಿಳಿದಿರುವ ಸಂಗತಿಗಳನ್ನು ನೋಡೋಣ. ಕ್ರಿ. ಪೂ. ೩೦೦೦ರ ಸುಮಾರಿನಲ್ಲಿ ಅಲ್ಲಿನ ಜನರು ಜಿಂಕೆಯ ಕೊಂಬುಗಳನ್ನೇ ಗುದ್ದಲಿಯಾಗಿಸಿಕೊಂಡು, ನೂರು ಮೀಟರಿಗೂ ಮಿಗಿಲಾದ ವ್ಯಾಸವುಳ್ಳ ದುಂಡನೆಯ ಕಂದಕವನ್ನು ತೋಡಿದರು. ಅದರ ಒಳಬದಿಯಲ್ಲಿ ೫೬ ಕುಳಿಗಳನ್ನು ಅಗೆದರು. ಸುಮಾರು ಐನೂರು ವರ್ಷಗಳ ತರುವಾಯ ದೊಡ್ಡ ಬಂಡೆಗಳು ಬಂದವು. ಮೂವತ್ತು ನಿಲುಗಲ್ಲುಗಳ ಒಂದು ವರ್ತುಲ, ಅವುಗಳ ನೆತ್ತಿಯ ಮೇಲೆ ಸಾಲಾಗಿ ಅಡ್ಡಗಲ್ಲುಗಳು, ಒಳಗಡೆ ಕುದುರೆಯ ಲಾಳದ ಆಕಾರದಲ್ಲಿ ಐದು ಮಹಾದ್ವಾರಗಳು. ಇದು ಆ ರಚನೆಯ ಸ್ಥೂಲರೂಪ. ದೊಡ್ಡ ಕಲ್ಲೊಂದರ ತೂಕ ಸಾಮಾನ್ಯವಾಗಿ ಇಪ್ಪತ್ತು ಇಪ್ಪತ್ತೈದು ಟನ್ನು. ನಿಲುಗಲ್ಲಿನ ನೆತ್ತಿಯಲ್ಲಿ ಗುಬುಟನ್ನು ಬಿಟ್ಟು, ಅಡ್ಡಗಲ್ಲಿನ ಅಡಿಯಲ್ಲಿ ಅದಕ್ಕೆ ತಕ್ಕ ಕುಳಿಯನ್ನು ಕೊರೆದು, ಬಡಗಿಯು ಮರವನ್ನು ಜೋಡಿಸುವಂತೆ ಅವರು ಕಲ್ಲನ್ನು ಜೋಡಿಸಿದ್ದಾರೆ. ಈ ಕೆತ್ತನೆಗೆ ಅವರು ಬಳಸಿದ್ದು ಕಲ್ಲಿನ ಸುತ್ತಿಗೆಗಳನ್ನೇ.

ಕಲ್ಲುಗಳು ಎಲ್ಲಿಂದ ಬಂದವು? ‘ನೀಲಿಗಲ್ಲು’ಗಳೆಂದು ಹೆಸರಾದ ಚಿಕ್ಕ ಕಲ್ಲುಗಳು ಇನ್ನೂರು ಕಿಲೋಮೀಟರಿಗೂ ಆಚೆ, ವೇಲ್ಸಿನ ಪ್ರೆಸೆಲಿ ಬೆಟ್ಟಗಳಿಂದ ಬಂದುವೆಂದು ೧೯೨೩ರಲ್ಲಿ ಭೂವಿಜ್ಞಾನಿ ಎಚ್. ಎಚ್. ಥಾಮಸ್ ತೋರಿಸಿಕೊಟ್ಟರು. ದೊಡ್ಡ ಬಂಡೆಗಳಲ್ಲಿ ಬಹುಪಾಲಿನವು ಸುಮಾರು ೨೫ ಕಿಲೋಮೀಟರು ದೂರದ ವೆಸ್ಟ್ ವುಡ್ಸ್ ಎಂಬ ಕಾಡಿನಿಂದ ಬಂದವೆಂಬುದು, ಅವುಗಳ ರಾಸಾಯನಿಕ ಘಟಕಗಳನ್ನು ಹೋಲಿಸಿ ನೋಡಿದ ಮೇಲೆ ೨೦೨೦ರಲ್ಲಿ ಸ್ಥಿರಪಟ್ಟಿತು. ನಡುವೆ ಬಿದ್ದಿರುವ, ಆರು ಟನ್ನು ತೂಕದ ‘ಬಲಿಪೀಠದ ಕಲ್ಲು’ ಎಲ್ಲಕ್ಕಿಂತ ಆಶ್ಚರ್ಯಕರವಾದುದು. ಅದರ ಒಳಗಿನ ಜಿರ್ಕಾನ್ ಮೊದಲಾದ ಖನಿಜಕಣಗಳ ವಯಸ್ಸನ್ನು ಅಳೆದ ವಿಜ್ಞಾನಿಗಳು, ಅದು ಸುಮಾರು ೭೫೦ ಕಿಲೋಮೀಟರು ದೂರದ ಈಶಾನ್ಯ ಸ್ಕಾಟ್ಲೆಂಡಿನದೆಂದು ೨೦೨೪ರಲ್ಲಿ ಪ್ರಕಟಿಸಿದರು. ಲಿಪಿಯಿಲ್ಲದ ಜನರು ನಾಡಿನ ಒಂದು ತುದಿಯಿಂದ ಇನ್ನೊಂದರ ಹತ್ತಿರಕ್ಕೆ ಆರು ಟನ್ನಿನ ಕಲ್ಲೊಂದನ್ನು ತಂದರೆಂದರೆ, ಅದರ ಹಿಂದೆ ಎಂತಹ ಒಗ್ಗಟ್ಟು, ಎಂತಹ ಸಂಕಲ್ಪ ಇದ್ದಿರಬೇಕು!

ಆದರೆ ಮುಂದಿನ ತಲೆಮಾರುಗಳು ಈ ಶ್ರೇಯಸ್ಸನ್ನು ಕಟ್ಟಿದವರಿಗೆ ಕೊಡಲಿಲ್ಲ. ಸುಮಾರು ೧೧೩೬ರಲ್ಲಿ ಮನ್‌ಮತ್ತಿನ ಜಾಫ್ರಿ ಎಂಬ ಪಾದ್ರಿಯು, ದೈತ್ಯರು ಐರ್ಲೆಂಡಿನಲ್ಲಿ ನಿಲ್ಲಿಸಿದ್ದ ಈ ಕಲ್ಲುಗಳನ್ನು ಮರ್ಲಿನ್ ಎಂಬ ಮಾಂತ್ರಿಕನು ಇಲ್ಲಿಗೆ ಸಾಗಿಸಿದನೆಂದು ಬರೆದನು. ಹದಿನೇಳನೆಯ ಶತಮಾನದಲ್ಲಿ, ರೋಮನ್ ವಾಸ್ತುವನ್ನು ಮೆಚ್ಚಿದ ಶಿಲ್ಪಿ ಇನಿಗೋ ಜೋನ್ಸನಿಗೆ ಅದು ರೋಮನರ ದೇವಾಲಯವಾಗಿ ಕಂಡಿತು. ವೈದ್ಯ ವಾಲ್ಟರ್ ಚಾರ್ಲ್‌ಟನ್ನನು ೧೬೬೩ರಲ್ಲಿ ಅದನ್ನು ಡೇನರಿಗೆ ಒಪ್ಪಿಸಿದನು. ೧೭೪೦ರಲ್ಲಿ ವಿಲಿಯಂ ಸ್ಟ್ಯೂಕ್ಲಿಯು ಅದು ಡ್ರೂಯಿಡರ ದೇವಾಲಯವೆಂದು ಒಂದು ಗ್ರಂಥವನ್ನೇ ಬರೆದನು. ಸ್ಟ್ಯೂಕ್ಲಿಯು ಸಾಮಾನ್ಯನಲ್ಲ. ರಚನೆಯ ಅಕ್ಷವು ದೀರ್ಘತಮ ಹಗಲಿನ ಸೂರ್ಯೋದಯದ ಕಡೆಗೆ ತಿರುಗಿದೆಯೆಂಬುದನ್ನು ಕಂಡು ಹೇಳಿದವನೂ ಅವನೇ. ಆದರೆ ಅವನ ಅಳತೆಗಿಂತ ಅವನ ಕಲ್ಪನೆಯೇ ಹೆಚ್ಚು ದೂರ ಪ್ರಯಾಣ ಮಾಡಿತು.

ಡ್ರೂಯಿಡರ ವಿಷಯ ನಮಗೆ ತಿಳಿದಿರುವುದು ಮುಖ್ಯವಾಗಿ ಜೂಲಿಯಸ್ ಸೀಸರ್ ಮೊದಲಾದ ರೋಮನರ ಬರಹಗಳಿಂದ. ಸೀಸರನ ಕಾಲಕ್ಕೂ ದೊಡ್ಡ ಕಲ್ಲುಗಳು ನಿಂತ ಕಾಲಕ್ಕೂ ನಡುವೆ ಇಪ್ಪತ್ತನಾಲ್ಕು ಶತಮಾನಗಳು ಕಳೆದಿದ್ದವು. ಅಶೋಕನಿಗೂ ನಮಗೂ ಇರುವ ಅಂತರಕ್ಕಿಂತ ಇದು ದೊಡ್ಡದು. ಸ್ಟೋನ್‌ಹೆಂಜನ್ನು ಡ್ರೂಯಿಡರು ಕಟ್ಟಿದರೆನ್ನುವುದು, ಬ್ರಹ್ಮಗಿರಿಯ ಅಶೋಕ ಶಾಸನವನ್ನು ಇಂದಿನ ಗ್ರಾಮ ಪಂಚಾಯಿತಿಯವರು ಕೆತ್ತಿಸಿದರೆನ್ನುವಷ್ಟೇ ಸರಿ!

ಕಥೆಗಾರರು ತಪ್ಪಿದರು, ವಿಜ್ಞಾನಿಗಳು ತಪ್ಪಲಿಲ್ಲ ಎಂದು ನಾವು ಬೀಗುವಂತೆಯೂ ಇಲ್ಲ. ಸೂರ್ಯನ ರೋಹಿತದಲ್ಲಿ ಹೀಲಿಯಮ್ಮನ್ನು ಗುರುತಿಸಿದವರಲ್ಲಿ ಒಬ್ಬನೂ ‘ನೇಚರ್’ ಪತ್ರಿಕೆಯ ಸ್ಥಾಪಕನೂ ಆದ ನಾರ್ಮನ್ ಲಾಕಿಯರನು ೧೯೦೧ರಲ್ಲಿ ಒಂದು ಸೊಗಸಾದ ಉಪಾಯವನ್ನು ಹೂಡಿದನು. ಭೂಮಿಯ ಅಕ್ಷದ ಓರೆ ಸ್ಥಿರವಲ್ಲ. ಈಗ ಅದು ಸುಮಾರು ೨೩.೪ ಡಿಗ್ರಿ. ಕ್ರಿ. ಪೂ. ೨೫೦೦ರಲ್ಲಿ ಹೆಚ್ಚುಕಡಮೆ ೨೪ ಡಿಗ್ರಿ ಇದ್ದಿತು. ಆದುದರಿಂದ ದೀರ್ಘತಮ ಹಗಲಿನಂದು ಸೂರ್ಯನು ಮೂಡುವ ಸ್ಥಾನವು ಸ್ಟೋನ್‌ಹೆಂಜಿನ ಅಕ್ಷಾಂಶದಲ್ಲಿ ಈ ನಾಲ್ಕೂವರೆ ಸಾವಿರ ವರ್ಷಗಳಲ್ಲಿ ಸುಮಾರು ಒಂದು ಡಿಗ್ರಿ, ಎಂದರೆ ಸೂರ್ಯಬಿಂಬದ ಎರಡರಷ್ಟು, ಸರಿದಿದೆ. ರಚನೆಯ ಅಕ್ಷ ಈಗಿನ ಸೂರ್ಯೋದಯದಿಂದ ಎಷ್ಟು ಸರಿದಿದೆಯೆಂದು ಅಳೆದರೆ ಕಟ್ಟಿದ ಕಾಲ ದೊರೆಯಬೇಕು. ಲಾಕಿಯರನಿಗೆ ದೊರೆತ ಉತ್ತರ ಕ್ರಿ. ಪೂ. ೧೬೮೦, ಇನ್ನೂರು ವರ್ಷ ಹೆಚ್ಚು ಅಥವಾ ಕಡಮೆ.

ತತ್ತ್ವ ಸರಿಯಾಗಿಯೇ ಇದೆ. ಆದರೆ ಸೂರ್ಯೋದಯವೆಂದರೆ ಯಾವುದು? ಬಿಂಬದ ಮೇಲಂಚು ಮಿನುಗಿದ ಕ್ಷಣವೋ, ಇಡಿಯ ಬಿಂಬ ದಿಗಂತವನ್ನು ಬಿಟ್ಟೆದ್ದ ಕ್ಷಣವೋ? ಆ ಅಕ್ಷಾಂಶದಲ್ಲಿ ಸೂರ್ಯನು ಬಹಳ ಓರೆಯಾಗಿ ಏರುವುದರಿಂದ, ಈ ಎರಡು ಕ್ಷಣಗಳ ನಡುವೆ ಅವನು ದಿಗಂತದ ಉದ್ದಕ್ಕೂ ಮುಕ್ಕಾಲು ಡಿಗ್ರಿಗೂ ಹೆಚ್ಚು ಸರಿಯುತ್ತಾನೆ. ಅಷ್ಟರಿಂದಲೇ ಲೆಕ್ಕದಲ್ಲಿ ಮೂರು ಸಾವಿರ ವರ್ಷಗಳಿಗೂ ಮಿಗಿಲಾದ ವ್ಯತ್ಯಾಸ ಬೀಳುತ್ತದೆ! ಕಟ್ಟಿದವರು ಯಾವ ಕ್ಷಣವನ್ನು ಉದಯವೆಂದು ಎಣಿಸಿದರೆಂಬುದನ್ನು ಯಾವ ದೂರದರ್ಶಕವೂ ಹೇಳಲಾರದು.

೧೯೫೨ರಲ್ಲಿ ಹೊಸ ಸಾಕ್ಷಿಯೊಂದು ಬಂದಿತು. ವಿಲ್ಲರ್ಡ್ ಲಿಬ್ಬಿಯವರ ಇಂಗಾಲ-೧೪ ವಿಧಾನದಿಂದ, ೫೬ ಕುಳಿಗಳಲ್ಲಿ ಒಂದರ ಇದ್ದಿಲಿಗೆ ಕ್ರಿ. ಪೂ. ೧೮೪೮ ಎಂಬ ಕಾಲ ದೊರೆಯಿತು. ಅದರಲ್ಲಿ ೨೭೫ ವರ್ಷಗಳ ಅನಿಶ್ಚಿತತೆ ಇದ್ದಿತು. ಲಾಕಿಯರನ ಸಂಖ್ಯೆಗೂ ಇದಕ್ಕೂ ಮೇಲ್ನೋಟಕ್ಕೆ ಚೆನ್ನಾಗಿ ಹೊಂದಿಕೆಯಾಗುತ್ತದೆ. ಆದರೆ ವಾತಾವರಣದಲ್ಲಿನ ಇಂಗಾಲ-೧೪ರ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲವೆಂಬುದು ೧೯೬೦ರ ದಶಕದಲ್ಲಿ, ಬಹುಕಾಲ ಬಾಳುವ ಮರಗಳ ವಾರ್ಷಿಕ ಉಂಗುರಗಳಿಂದ ಸ್ಪಷ್ಟವಾಯಿತು. ಮುಂದೆ ಉತ್ತಮ ಮಾದರಿಗಳೂ ತಿದ್ದುಪಡಿಗಳೂ ಕೂಡಿ ಕುಳಿಗಳ ಕಾಲವನ್ನು ಸಾವಿರ ವರ್ಷಗಳಷ್ಟು ಹಿಂದಕ್ಕೆ ಒಯ್ದವು. ಎರಡು ಗಡಿಯಾರಗಳು ಒಂದೇ ಗಂಟೆಯನ್ನು ತೋರಿಸಿದ ಮಾತ್ರಕ್ಕೆ ಎರಡೂ ಸರಿಯೆಂದು ತಿಳಿಯಬಾರದೆಂಬ ಪಾಠ ಇಲ್ಲಿದೆ. ತನ್ನ ಗಡಿಯಾರವನ್ನು ತಾನೇ ಸಂದೇಹಿಸಿ ತಿದ್ದಿಕೊಂಡದ್ದೇ ವಿಜ್ಞಾನದ ಹೆಗ್ಗಳಿಕೆ.

ಇನ್ನು ನಮ್ಮ ವಿದ್ಯಾರ್ಥಿಯ ‘ಕಲ್ಲಿನ ಕಂಪ್ಯೂಟರ್’. ಈ ಕಲ್ಪನೆಯ ಜನಕ ಖಗೋಳವಿಜ್ಞಾನಿ ಜೆರಾಲ್ಡ್ ಹಾಕಿನ್ಸ್. ಆಗ ಹೊಸದಾಗಿದ್ದ ಗಣಕಯಂತ್ರದ ನೆರವಿನಿಂದ ಕಲ್ಲುಗಳ ದಿಕ್ಕುಗಳನ್ನು ಸೂರ್ಯಚಂದ್ರರ ಉದಯಾಸ್ತಗಳೊಡನೆ ಹೋಲಿಸಿದ ಅವರು, ೫೬ ಕುಳಿಗಳು ಗ್ರಹಣವನ್ನು ಮುಂದಾಗಿ ತಿಳಿಯುವ ಸಾಧನವೆಂದು ೧೯೬೦ರ ದಶಕದಲ್ಲಿ ವಾದಿಸಿದರು. ಅಲ್ಲಿ ಉತ್ಖನನ ನಡೆಸಿದ್ದ ರಿಚರ್ಡ್ ಅಟ್ಕಿನ್ಸನ್ ೧೯೬೬ರಲ್ಲಿ ಇದನ್ನು ಬಲವಾಗಿ ಖಂಡಿಸಿದರು. ಕಲ್ಲುಗಳೂ ಕುಳಿಗಳೂ ನೂರಾರು ಇರುವೆಡೆ ಅವುಗಳನ್ನು ಎರಡೆರಡಾಗಿ ಜೋಡಿಸುತ್ತ ಹೋದರೆ, ಕೆಲವು ಗೆರೆಗಳು ಆಕಾಶದ ಯಾವುದಾದರೊಂದು ಮುಖ್ಯ ಬಿಂದುವಿಗೆ ತಾಗದೆ ಇರುವುದಿಲ್ಲ. ಮೇಲಾಗಿ, ಆ ಕುಳಿಗಳಲ್ಲಿ ಅನೇಕವುಗಳಿಂದ ಹೊರಬಂದುದು ಸುಟ್ಟ ಮಾನವ ಅಸ್ಥಿಗಳು. ದೈತ್ಯರ ಯುಗವು ದೈತ್ಯರನ್ನು ಕಂಡಿತು, ಗಣಕಯಂತ್ರದ ಯುಗವು ಗಣಕಯಂತ್ರವನ್ನು ಕಂಡಿತು. ತಮ್ಮವರನ್ನು ದಹಿಸಿ ಆ ಬೂದಿಯನ್ನು ಅಲ್ಲಿ ಇರಿಸಿದ ಮನುಷ್ಯರು ಮಾತ್ರ ಎರಡು ಯುಗಗಳ ಕಣ್ಣಿಗೂ ಬೀಳಲಿಲ್ಲ.

ಹಾಗಾದರೆ ಸೂರ್ಯನ ಸಂಬಂಧವೇ ಸುಳ್ಳೇ? ಸುಳ್ಳಲ್ಲ. ಮುಖ್ಯ ಅಕ್ಷವು ಒಂದು ಕಡೆ ದೀರ್ಘತಮ ಹಗಲಿನ ಉದಯವನ್ನೂ, ಅದರ ನೇರ ಎದುರಿಗೆ ಡಿಸೆಂಬರಿನ ಹ್ರಸ್ವತಮ ಹಗಲಿನ ಅಸ್ತವನ್ನೂ ಸೂಚಿಸುತ್ತದೆ. ಸಮೀಪದ ಡರಿಂಗ್‌ಟನ್ ವಾಲ್ಸ್ ಎಂಬಲ್ಲಿ, ಅದೇ ಕಾಲದ ಔತಣಗಳಲ್ಲಿ ಉಳಿದ ಹಂದಿಗಳ ಹಲ್ಲುಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಅನೇಕವು ಸುಮಾರು ಒಂಬತ್ತು ತಿಂಗಳ ಪ್ರಾಯದಲ್ಲಿ, ಎಂದರೆ ನಡುಚಳಿಗಾಲದಲ್ಲಿ, ಆಹಾರವಾದುವೆಂದು ತಿಳಿಯಿತು. ಜೂನಿನ ಮುಂಜಾನೆಗಿಂತ ಡಿಸೆಂಬರಿನ ಸಂಜೆಯೇ ಆ ಜನರಿಗೆ ಹೆಚ್ಚು ಮುಖ್ಯವಾಗಿದ್ದಿತೆಂದು ಇದರಿಂದ ಅನೇಕ ವಿದ್ವಾಂಸರು ಊಹಿಸುತ್ತಾರೆ.

ಈಚಿನವರು ಆ ಕಲ್ಲುಗಳಿಗೆ ಕೊಟ್ಟ ಅರ್ಥವನ್ನೆಲ್ಲ ಅಳಿಸಬೇಕೆಂದು ನಾವು ಹೇಳುತ್ತಿಲ್ಲ. ೧೯೧೫ರಲ್ಲಿ ಹರಾಜಿನಲ್ಲಿ ೬,೬೦೦ ಪೌಂಡುಗಳಿಗೆ ಅದನ್ನು ಕೊಂಡ ಸೆಸಿಲ್ ಚಬ್, ೧೯೧೮ರಲ್ಲಿ ಅದನ್ನು ರಾಷ್ಟ್ರಕ್ಕೇ ದಾನ ಮಾಡಿದನು. ೧೯೮೫ರಲ್ಲಿ ಅಲ್ಲಿ ಉತ್ಸವ ನಡೆಸಲು ಹೊರಟವರಿಗೂ ಪೋಲೀಸರಿಗೂ ಘರ್ಷಣೆ ನಡೆಯಿತು. ೨೦೦೦ದಲ್ಲಿ ಉತ್ಸವದ ದಿನ ಜನರಿಗೆ ಮತ್ತೆ ಪ್ರವೇಶ ದೊರೆಯಿತು. ಇವೆಲ್ಲ ಆ ಕಲ್ಲುಗಳ ಚರಿತ್ರೆಯ ಭಾಗಗಳೇ. ಆದರೆ ಅವು ನಮ್ಮ ಕಾಲದ ಚರಿತ್ರೆ. ಅದನ್ನು ಕಟ್ಟಿದವರ ಬಾಯಲ್ಲಿ ಇಡುವುದು ನ್ಯಾಯವಲ್ಲವೆಂಬುದೇ ನಮ್ಮ ಅಭಿಪ್ರಾಯ.

ಇಂಗ್ಲೆಂಡಿನ ಕಲ್ಲುಗಳ ಈ ಚರ್ಚೆ ನಮಗೇಕೆ ಎಂದು ಕೇಳುವವರಿಗೆ ಉತ್ತರ ಸುರಪುರದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಲ್ಲಿ ಆಡಳಿತಾಧಿಕಾರಿಯಾಗಿದ್ದ ಮೆಡೋಸ್ ಟೇಲರ್, ಆ ಸೀಮೆಯ ಕಲ್ಲುವೃತ್ತಗಳನ್ನೂ ಕಲ್ಮನೆಗಳನ್ನೂ ಕಂಡು, ತನ್ನ ದೇಶದವುಗಳನ್ನು ನೆನೆದು, ಅವು ‘ಸಿಥಿಯನ್-ಡ್ರೂಯಿಡ್’ ಅವಶೇಷಗಳೆಂದು ಬರೆದನು. ಸ್ಟ್ಯೂಕ್ಲಿಯ ತಪ್ಪು ಸಮುದ್ರವನ್ನು ದಾಟಿ ಕನ್ನಡನಾಡಿಗೆ ಬಂದಿತು! ಆದರೆ ಅದೇ ಟೇಲರನು ಸಮಾಧಿಗಳನ್ನು ಎಚ್ಚರಿಕೆಯಿಂದ ಅಗೆಸಿ, ಅಳೆದು, ಒಳಪದರಗಳ ಚಿತ್ರಗಳನ್ನು ಬರೆದಿಟ್ಟನು. ಆ ಹೆಸರನ್ನು ಇಂದು ಯಾರೂ ಒಪ್ಪುವುದಿಲ್ಲ. ಆ ಚಿತ್ರಗಳಿಗೆ ಇಂದಿಗೂ ಬೆಲೆಯುಂಟು. ೧೯೪೭ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನವು, ಅಲ್ಲಿನ ಕಲ್ಲುವೃತ್ತಗಳು ಕಬ್ಬಿಣವನ್ನು ಬಲ್ಲ ಜನರ ಸಮಾಧಿಗಳೆಂದು ತೋರಿಸಿತು. ಸ್ಟೋನ್‌ಹೆಂಜಿಗೆ ಅವು ಸಾವಿರಾರು ವರ್ಷ ಕಿರಿಯವು, ಅದರೊಡನೆ ಅವಕ್ಕೆ ನಂಟಿಲ್ಲ.

ನಮ್ಮ ಜನರೂ ಕಥೆ ಕಟ್ಟುವುದರಲ್ಲಿ ಹಿಂದೆ ಬಿದ್ದವರಲ್ಲ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬೆಟ್ಟದ ಮೇಲಿರುವ ನೂರಾರು ಕಲ್ಮನೆಗಳು ಕುಳ್ಳರಾದ ‘ಮೋರ್ಯ’ರ ಮನೆಗಳೆಂದು ಹೇಳುವುದುಂಟು. ದೊಡ್ಡ ಬಂಡೆಗಳನ್ನು ಕಂಡ ಇಂಗ್ಲೆಂಡಿನವರು ದೈತ್ಯರನ್ನು ಕಲ್ಪಿಸಿದರು. ಕಲ್ಮನೆಯ ಸಣ್ಣ ಕಿಂಡಿಯನ್ನು ಕಂಡ ನಮ್ಮವರು ಕುಳ್ಳರನ್ನು ಕಲ್ಪಿಸಿದರು. ೨೦೨೧ರಲ್ಲಿ ಹಿರೇಬೆಣಕಲ್ ಯುನೆಸ್ಕೋ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಆದರೆ ಹೆಸರಿಲ್ಲದ ಎಷ್ಟೋ ಕಲ್ಲುವೃತ್ತಗಳು ನಮ್ಮ ಹೊಲಗಳ ಅಂಚಿನಲ್ಲಿ ಯಾರ ಪಟ್ಟಿಗೂ ಸೇರದೆ, ಬೇಲಿಗೋ ತಳಪಾಯಕ್ಕೋ ಜಲ್ಲಿಗೋ ಬಲಿಯಾಗುತ್ತಿವೆ. ಒಡೆದ ಕಲ್ಲನ್ನು ಅಳೆಯುವ ಸಾಧನ ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ.

ಆದುದರಿಂದ ನಮ್ಮ ಸೂಚನೆ ಇಷ್ಟೇ. ಇಂತಹ ಕಲ್ಲುಗಳಿರುವ ಊರಿನ ಶಾಲಾಕಾಲೇಜುಗಳ ವಿಜ್ಞಾನ ಸಂಘಗಳು ವರ್ಷಕ್ಕೆ ಒಂದು ದಿನವನ್ನು ಅವುಗಳಿಗಾಗಿ ಮೀಸಲಿಡಲಿ. ಅಗೆಯುವುದು ಬೇಡ. ಅದು ಪ್ರಾಕ್ತನ ಇಲಾಖೆಯ ಕೆಲಸ. ಅಳತೆಯ ಪಟ್ಟಿ, ದಿಕ್ಸೂಚಿ, ಒಂದು ಟಿಪ್ಪಣಿ ಪುಸ್ತಕ ಇದ್ದರೆ ಸಾಕು. ಪುಸ್ತಕದ ಎಡಪುಟದಲ್ಲಿ ಕಲ್ಲುಗಳ ಎತ್ತರ, ಅಂತರ, ದಿಕ್ಕುಗಳನ್ನು ಬರೆಯಲಿ. ಬಲಪುಟದಲ್ಲಿ ಊರಿನ ಹಿರಿಯರು ಹೇಳುವ ಕಥೆಯನ್ನು ಅವರ ಮಾತಿನಲ್ಲಿಯೇ ಬರೆಯಲಿ. ಎರಡಕ್ಕೂ ಗೌರವ ಸಲ್ಲಲಿ. ಆದರೆ ಒಂದು ಪುಟದ ಮಾತು ಇನ್ನೊಂದಕ್ಕೆ ಹರಿಯದಿರಲಿ.

ಮತ್ತೆ ಆ ಹುಡುಗನು ಎದ್ದು ನಿಂತು ಕೇಳಿದರೆ ನಾವು ನಗಲಾರೆವು. “ಕಲ್ಲಿನ ಕಂಪ್ಯೂಟರ್ ಅಲ್ಲವಪ್ಪಾ, ಬೇರೆ ಲೋಕದವರೂ ಅಲ್ಲ. ನಿನ್ನ ನನ್ನಂತಹ ಮನುಷ್ಯರು, ಹಗ್ಗ ಹಿಡಿದು ಎಳೆದು ನಿಲ್ಲಿಸಿದರು. ಬಾ, ಹೇಗೆಂದು ಲೆಕ್ಕ ಹಾಕಿ ನೋಡೋಣ” ಎಂದು ಸೀಮೆಸುಣ್ಣವನ್ನು ಅವನ ಕೈಗೆ ಕೊಡುತ್ತೇವೆ.