ಸಿಇಟಿ ರ‍್ಯಾಂಕಿನ ಅರ್ಧ ಪಾಲು ಪಿಯು ತರಗತಿಯಲ್ಲೇ ಇದೆ

ಸಿಇಟಿ ಹತ್ತಿರವಾದಂತೆ ಪಿಯು ಪಠ್ಯಪುಸ್ತಕ ಮೂಲೆ ಸೇರಿ, ಕೋಚಿಂಗ್ ಕೇಂದ್ರದ ದಪ್ಪ ಮಾಡ್ಯೂಲು ಮೇಜಿಗೇರುತ್ತದೆ. ಇದು ಲೆಕ್ಕ ತಪ್ಪಿದ ಜಾಣತನ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ದ್ವಿತೀಯ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕಗಳದ್ದೇ.

ಉಳಿದರ್ಧ ಸಿಇಟಿಯದು. ಅಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದಕ್ಕೆ 80 ಸೆಕೆಂಡು, ಒಎಂಆರ್ ಹಾಳೆಯ ವೃತ್ತ ತುಂಬುವುದೂ ಸೇರಿ. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ವೃತ್ತವನ್ನೂ ಖಾಲಿ ಬಿಡಬೇಕಿಲ್ಲ. ನೀಟ್‌ನಲ್ಲಿ ಇದೇ ಧೈರ್ಯ ದುಬಾರಿ: ಸರಿಗೆ 4, ತಪ್ಪಿಗೆ ಮೈನಸ್ 1.

ಬುದ್ಧಿಮಾತು ಮಕ್ಕಳಿಗಷ್ಟೇ ಸಾಲದು, ಪರೀಕ್ಷೆ ನಡೆಸುವವರಿಗೂ ಬೇಕು. 2024ರ ಸಿಇಟಿಯಲ್ಲಿ ಪಠ್ಯಕ್ರಮದಾಚೆಯ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಅವುಗಳ ಜೊತೆ ಗುದ್ದಾಡಿದ ಸಮಯ ಯಾರಿಗೂ ವಾಪಸು ಸಿಗಲಿಲ್ಲ. ಪ್ರಶ್ನೆಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಪಿಯು ಪಾಠ ಮಾಡುವ ಉಪನ್ಯಾಸಕರು ಪಠ್ಯಕ್ರಮ ಮುಂದಿಟ್ಟುಕೊಂಡು ಪರಿಶೀಲಿಸುವುದನ್ನು ಪರೀಕ್ಷಾ ಪ್ರಾಧಿಕಾರ ಕಡ್ಡಾಯ ಮಾಡಲಿ.