ಹೆಚ್ಚಿದ ಜುಕಿನಿ ಫಸಲೂ ಗೂಡೊಲೆಯ ಉಳಿದ ಬಿಸಿಯೂ

ಕಾಯಿಪಲ್ಯದ ತೋಟದಲ್ಲಿ ಫಸಲು ಕಡಮೆಯಾದಾಗ ಉಂಟಾಗುವ ನಷ್ಟವು ಎಲ್ಲರ ಕಣ್ಣಿಗೂ ಬೀಳುವುದು. ಫಸಲು ಹೆಚ್ಚಿದಾಗ ಉಂಟಾಗುವ ನಷ್ಟವಾದರೋ ತಿಪ್ಪೆಯ ಪಾಲಾಗಿ, ಯಾರ ಲೆಕ್ಕಕ್ಕೂ ಬಾರದೆ ಹೋಗುವುದು. ಬೆಂಗಳೂರಿನ ಸುತ್ತಮುತ್ತ ನಗರದ ಹೋಟೆಲುಗಳಿಗಾಗಿಯೂ ಅಂಗಡಿಗಳಿಗಾಗಿಯೂ ಬೆಳೆಯಲಾಗುತ್ತಿರುವ ಜುಕಿನಿ ಎಂಬ ಕಾಯಿಯು ಈ ಎರಡನೆಯ ವಿಧದ ನಷ್ಟಕ್ಕೆ ತಕ್ಕ ನಿದರ್ಶನವಾಗಿದೆ.

ಜುಕಿನಿಯು ಕುಂಬಳದ ವರ್ಗಕ್ಕೆ ಸೇರಿದುದು. ಇದರ ಕುಲದ ಮೂಲಸ್ಥಾನವು ಅಮೆರಿಕಾ ಖಂಡವಾದರೂ ಈಗಿನ ರೂಪವನ್ನು ರೂಢಿಗೆ ತಂದವರು ಇಟಲಿಯ ತೋಟಗಾರರು. ಹೆಸರಿಗೆ ಆ ದೇಶದ ಭಾಷೆಯಲ್ಲಿ ಚಿಕ್ಕ ಕುಂಬಳವೆಂದೇ ಅರ್ಥ. ಗಿಡವು ಉದ್ದವಾಗಿ ಹಬ್ಬದೆ ಪೊದೆಯಂತೆ ನಿಂತು, ಬಿತ್ತಿದ ಸುಮಾರು 45-50 ದಿನಗಳಲ್ಲಿ ಕೊಯ್ಲಿಗೆ ಬರುವುದು. ಕಾಯಿಯು 15-20 ಸೆಂಟಿಮೀಟರು ಉದ್ದವಿರುವಾಗಲೇ, ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ ಕೊಯ್ಯಬೇಕು. ನಾಲ್ಕು ದಿನ ಉದಾಸೀನ ಮಾಡಿದರೆ ಅದು ದಪ್ಪನಾಗಿ ಬೆಳೆದು, ಸಿಪ್ಪೆ ಗಡುಸಾಗಿ, ಬೀಜ ಬಲಿತು, ಪೇಟೆಯಲ್ಲಿ ಕೇಳುವವರಿಲ್ಲದಂತಾಗುವುದು. ಮೇಲಾಗಿ ಗಿಡವು ಹೊಸ ಕಾಯಿ ಕಟ್ಟುವುದನ್ನೂ ಕಡಮೆಮಾಡುವುದು. ಹೀಗೆ ಉಳಿದ ಕಾಯಿಗಳನ್ನೂ ಸೊಟ್ಟಗಾದ ಕಾಯಿಗಳನ್ನೂ ಏನು ಮಾಡತಕ್ಕದ್ದೆಂಬುದೇ ಇಲ್ಲಿ ವಿಚಾರಾರ್ಹವಾದ ವಿಷಯ.

ನಮ್ಮ ನಾಡಿಗೆ ಕಾಯಿಪಲ್ಯವನ್ನು ಒಣಗಿಸಿಡುವ ವಿದ್ಯೆಯು ಹೊಸದಲ್ಲ. ಬೂದುಗುಂಬಳದ ಸಂಡಿಗೆಯನ್ನೂ ಮೆಣಸಿನಕಾಯಿಯ ಬಾಳಕವನ್ನೂ ಅರಿಯದ ಮನೆಯುಂಟೆ? ಆದರೆ ಇವುಗಳಲ್ಲಿ ಎರಡು ಕೊರತೆಗಳಿವೆ. ಮೊದಲನೆಯದಾಗಿ, ಮಳೆಗಾಲದಲ್ಲಿ ಫಸಲು ಬಂದಾಗ ಬಿಸಿಲು ದೊರೆಯದು. ಎರಡನೆಯದಾಗಿ, ಬಿಸಿಲಿನಲ್ಲಿ ಒಣಗಿದ್ದನ್ನು ಕಡೆಗೆ ಎಣ್ಣೆಯಲ್ಲಿ ಕರಿದೇ ತಿನ್ನಬೇಕು. ಅಂಗಡಿಯಲ್ಲಿ ಮಕ್ಕಳು ಕೊಳ್ಳುವ ಕರಿದ ಆಲೂಗಡ್ಡೆಯ ಬಿಲ್ಲೆಗಳ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಎಣ್ಣೆಯೇ ಇರುವುದು. ಜುಕಿನಿಯನ್ನು ಗೂಡೊಲೆಯಲ್ಲಿ ಬೇಯಿಸಿದರೆ ಒಂದು ಕಿಲೋಗ್ರಾಮು ಹಸಿ ಬಿಲ್ಲೆಗೆ ಎರಡು ಚಮಚ ಎಣ್ಣೆ ಸವರಿದರೆ ಸಾಕು.

ವಿಧಾನವು ಕಷ್ಟವಾದುದಲ್ಲ. ಕಾಯಿಯನ್ನು ತೊಳೆದು, ಬಲಿತಿದ್ದರೆ ಸಿಪ್ಪೆಯನ್ನೂ ತಿರುಳಿನ ಬೀಜವನ್ನೂ ತೆಗೆದು, 2-3 ಮಿಲಿಮೀಟರು ದಪ್ಪಕ್ಕೆ ಸಮನಾಗಿ ಹೆಚ್ಚಬೇಕು. ಚಿಟಿಕೆ ಉಪ್ಪು ಉದುರಿಸಿ ಕಾಲು ಗಂಟೆ ಬಿಟ್ಟರೆ ನೀರು ಒಸರುವುದು. ಅದನ್ನು ಶುದ್ಧವಾದ ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು. ಬಳಿಕ ಎಣ್ಣೆ, ಜೀರಿಗೆ, ಮೆಣಸಿನ ಪುಡಿಗಳನ್ನು ಸವರಿ, ತಗಡಿನ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, 100ರಿಂದ 110 ಸೆಂಟಿಗ್ರೇಡ್ ಶಾಖದಲ್ಲಿ ಸುಮಾರು ಎರಡು ಗಂಟೆಯ ಕಾಲ, ನಡುವೆ ಒಮ್ಮೆ ಮಗುಚಿ, ಗರಿಗರಿಯಾಗುವ ತನಕ ಇಡತಕ್ಕದ್ದು. ಶಾಖ ಹೆಚ್ಚಾದರೆ ಅಂಚು ಕರಿಯಾಗಿ ನಡುವೆ ತೇವ ಉಳಿಯುವುದು. ಪೂರ್ತಿ ಆರಿದ ಮೇಲೆಯೇ ಗಾಳಿಯಾಡದ ಡಬ್ಬಿಗೆ ತುಂಬಬೇಕು. ಹೀರೆ, ಸೋರೆಗಳಿಗೂ ಇದೇ ಕ್ರಮವನ್ನು ಅನುಸರಿಸಬಹುದು.

ಇನ್ನು ಲೆಕ್ಕವನ್ನು ಮುಚ್ಚಿಡಬಾರದು. ಜುಕಿನಿಯಲ್ಲಿ ನೂರಕ್ಕೆ ಸುಮಾರು 95 ಭಾಗ ನೀರೇ ಇರುವುದರಿಂದ ಒಂದು ಕಿಲೋಗ್ರಾಮು ಕಾಯಿಯಿಂದ 70-80 ಗ್ರಾಮಿಗಿಂತ ಹೆಚ್ಚು ಬಿಲ್ಲೆ ಬರಲಾರದು. ಇಷ್ಟಕ್ಕಾಗಿ ಮನೆಯಲ್ಲಿ ಎರಡು ಗಂಟೆ ವಿದ್ಯುಚ್ಛಕ್ತಿಯನ್ನು ವ್ಯಯಮಾಡಿದರೆ ಲಾಭಕ್ಕಿಂತ ಖರ್ಚೇ ಮೇಲಾದೀತು. ಪೇಟೆಗೆ ಸಲ್ಲುವ ಉತ್ತಮ ಕಾಯಿಯನ್ನು ಇದಕ್ಕೆ ಬಳಸುವುದೂ ವಿವೇಕವಲ್ಲ. ಆದರೆ ಈಗ ದೊಡ್ಡ ಗ್ರಾಮಗಳಲ್ಲೂ ಹೋಬಳಿಯ ಊರುಗಳಲ್ಲೂ ಬೇಕರಿಗಳುಂಟು. ಸೌದೆ ಉರಿಸುವ ಇಟ್ಟಿಗೆಯ ಗೂಡೊಲೆಯು ಬ್ರೆಡ್ಡು, ಬನ್ನುಗಳನ್ನು ಹೊರತೆಗೆದ ಮೇಲೆಯೂ ಗಂಟೆಗಟ್ಟಲೆ ಬಿಸಿಯಾಗಿದ್ದು ಮೆಲ್ಲಮೆಲ್ಲನೆ ಆರುವುದು. ಯಾರಿಗೂ ಉಪಯೋಗವಾಗದೆ ಹೋಗುವ ಆ ಶಾಖವೇ ಜುಕಿನಿ ಒಣಗಲು ಬೇಕಾದ ಮಂದ ಶಾಖ. ವ್ಯರ್ಥವಾಗುವ ಕಾಯಿಯನ್ನು ವ್ಯರ್ಥವಾಗುವ ಶಾಖದೊಡನೆ ಕೂಡಿಸಿದರೆ ಮಾತ್ರ ಈ ಉದ್ಯಮವು ಗಿಟ್ಟೀತು. ಹೊಸ ಯಂತ್ರಕ್ಕಾಗಿ ಮೊದಲೇ ಸಾಲ ಮಾಡಿದರೆ ಗಿಟ್ಟದು.

ಬೇಗ ಫಲ ಬಯಸುವವರಿಗೆ ಮತ್ತೊಂದು ಮಾರ್ಗವುಂಟು. ಕಾಯಿಯನ್ನು ತುರಿದು ನೀರು ಹಿಂಡಿ, ಕಡಲೆಹಿಟ್ಟು ಅಥವಾ ರಾಗಿಹಿಟ್ಟು, ಈರುಳ್ಳಿ, ಕರಿಬೇವುಗಳೊಡನೆ ಕಲಸಿ, ವಡೆಯಂತೆ ತಟ್ಟಿ, 200 ಸೆಂಟಿಗ್ರೇಡ್ ಶಾಖದಲ್ಲಿ ಅರ್ಧ ಗಂಟೆ ಬೇಯಿಸುವುದು. ಇದು ಅಂದಂದೇ ತಿನ್ನತಕ್ಕದ್ದಾದರೂ ಹಿಟ್ಟಿನ ಸತ್ತ್ವವೂ ಸೇರಿ ಹೊಟ್ಟೆ ತುಂಬುವುದು. ಶಾಲೆಯಿಂದ ಬರುವ ಮಕ್ಕಳಿಗೆ ಬಿಲ್ಲೆಗಿಂತ ಮೇಲು.

ಎರಡು ಎಚ್ಚರಿಕೆಗಳು ಅಗತ್ಯ. ನೀರು ಆರಿದಂತೆ ಉಪ್ಪು ಸಾಂದ್ರವಾಗುವುದು. ಆದುದರಿಂದ ಹಸಿಯಲ್ಲಿ ಹದವೆನಿಸಿದ ಉಪ್ಪು ಒಣಗಿದ ಮೇಲೆ ವಿಪರೀತವಾಗುವುದು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪನ್ನು ವಿಧಿಸಿದೆ. ಎಣ್ಣೆ ತಗ್ಗಿಸಿ ಉಪ್ಪು ಸುರಿದರೆ ಅದನ್ನು ಆರೋಗ್ಯದ ತಿಂಡಿ ಎನ್ನುವುದು ಸಲ್ಲದು. ಎರಡನೆಯದು ಇನ್ನೂ ಮುಖ್ಯವಾದುದು. ಕಹಿಯಾದ ಜುಕಿನಿಯಲ್ಲಾಗಲಿ ಸೋರೆಯಲ್ಲಾಗಲಿ ಕುಕುರ್ಬಿಟಾಸಿನ್ ಎಂಬ ವಿಷವಸ್ತುವಿರುವುದು. ಬೇಯಿಸಿದರೆ ಅದು ನಾಶವಾಗದು. 2015ರಲ್ಲಿ ಜರ್ಮನಿಯಲ್ಲಿ ಮನೆಯ ತೋಟದ ಕಹಿ ಜುಕಿನಿಯನ್ನು ತಿಂದು ಒಬ್ಬ ವೃದ್ಧರು ಮರಣಹೊಂದಿದರು. ಅಲಂಕಾರಕ್ಕಾಗಿ ಬೆಳೆಸುವ ಕಹಿ ಕಾಯಿಗಳ ಪರಾಗ ಬೆರೆತ ಬೀಜವನ್ನು ಮುಂದಿನ ವರ್ಷ ಬಿತ್ತಿದರೆ ಈ ದೋಷ ಬರುವುದು. ಆದಕಾರಣ ನಂಬಿಕೆಯುಳ್ಳ ಕಡೆಯಿಂದ ಹೊಸ ಬೀಜವನ್ನು ತರಬೇಕು. ಪ್ರತಿ ಕಾಯಿಯ ಒಂದು ಚೂರನ್ನು ನಾಲಗೆಗೆ ತಾಗಿಸಿ ನೋಡಿ, ಕಹಿಯಾದರೆ ಉಗುಳಿ, ಇಡೀ ಕಾಯಿಯನ್ನು ಎಸೆಯಬೇಕು. ಇಲ್ಲಿ ಲೋಭವು ಸಲ್ಲದು.

ಈ ಕಾರ್ಯಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಹೊಂದಾಣಿಕೆ. ಬೇಕರಿಯವನೊಡನೆ ಹೊತ್ತು ಗೊತ್ತುಮಾಡುವುದು, ನಾಲ್ಕಾರು ತೋಟಗಳ ಉಳಿಕೆ ಕಾಯಿಯನ್ನು ಒಂದೆಡೆ ಸೇರಿಸುವುದು, ಹೆಚ್ಚುವ ಕೆಲಸಕ್ಕೆ ಮಹಿಳಾ ಸಂಘದವರನ್ನು ನ್ಯಾಯವಾದ ಕೂಲಿಗೆ ಕೂಡಿಸುವುದು, ಮಾರುವ ಯೋಚನೆಯಿದ್ದರೆ 2006ರ ಆಹಾರ ಸುರಕ್ಷತಾ ಕಾನೂನಿನಂತೆ ನೋಂದಣಿ ಮಾಡಿಸುವುದು—ಇವು ಒಬ್ಬ ಚಿಕ್ಕ ಹಿಡುವಳಿದಾರನಿಂದ ಆಗತಕ್ಕವಲ್ಲ. ಗ್ರಾಮದ ಮುಖಂಡರೂ ಭೂಮಾಲೀಕರೂ ಮುಂದೆ ನಿಂತರೆ ಸುಲಭವಾಗಿ ಆಗತಕ್ಕವು. ಮೊದಲ ಫಸಲಿನಲ್ಲಿ ಹತ್ತು ಕಿಲೋಗ್ರಾಮಿನಷ್ಟನ್ನೇ ಮಾಡಿ, ಖರ್ಚುವೆಚ್ಚಗಳನ್ನು ಬರೆದಿಟ್ಟು, ಊರಿನ ಮಕ್ಕಳಿಗೇ ಮೊದಲು ತಿನ್ನಿಸಿ ನೋಡುವುದು ಲೇಸು. ಲೆಕ್ಕ ಸರಿಬಂದರೆ ಮುಂದುವರಿಸಬಹುದು. ಬಾರದಿದ್ದರೂ ತಿಪ್ಪೆಗೆ ಹೋಗಬೇಕಾಗಿದ್ದ ಕಾಯಿಯ ಹೊರತು ನಷ್ಟವಾದುದು ಅಲ್ಪವೇ.