ಓಡಿಸಿದವರು ಹೇಳಲಿ, ಪೂರ್ತಿ ಹೇಳಲಿ

2023ರ ಏಪ್ರಿಲ್. ತೋಟಕ್ಕೆ ನೀರು ಬದಲಿಸಿ ಬಂದು ಊಟಕ್ಕೆ ಕೂತಿದ್ದೆ. ಭಾವನ ಫೋನ್ ಬಂತು. "ನಿನ್ನ ಮಾತು ಕೇಳಿ ತಕ್ಕೊಂಡದ್ದು ನೋಡು, ಅಂಗಳದಲ್ಲಿ ಮಲಗಿದೆ. ಚಾರ್ಜೇ ಆಗುವುದಿಲ್ಲ. ಬಂದು ಎಂತ ಅಂತ ನೋಡು."

ಮಲಗಿದ್ದು ಅವರ ವಿದ್ಯುತ್ ಸ್ಕೂಟರ್. ನಾನು 2021ರ ಕೊನೆಗೆ ಒಂದು ಕೊಂಡಿದ್ದೆ. ಕೊಂಡ ಮೇಲೆ ಸುಮ್ಮನೆ ಕೂರಲಿಲ್ಲ. ಮದುವೆ ಮನೆ, ಬೊಜ್ಜದ ಮನೆ, ಹಾಲಿನ ಸೊಸೈಟಿಯ ಜಗಲಿ, ಸಿಕ್ಕಿದಲ್ಲೆಲ್ಲ ಅದನ್ನೇ ಹೊಗಳಿದೆ. ಯಾರೂ ನನಗೆ ಈ ಕೆಲಸ ಕೊಟ್ಟದ್ದಲ್ಲ, ಸಂಬಳವೂ ಇಲ್ಲ. ಪೆಟ್ರೋಲ್ ಬಂಕಿಗೆ ಹೋಗುವುದು ತಪ್ಪಿತಲ್ಲ, ಆ ಖುಷಿಯನ್ನು ನಾಲ್ಕು ಜನಕ್ಕೆ ಹಂಚುವ ಉಮೇದು. ಹಾಗೆ ನನ್ನ ಮಾತು ಕೇಳಿ ಕೊಂಡವರಲ್ಲಿ ಭಾವ ಮೂರನೆಯವರು.

ನಾನು ಹೋಗುವಷ್ಟರಲ್ಲಿ ಅವರು ಪಿಕಪ್ ಮಾಡಿ ಗಾಡಿಯನ್ನು ನಲವತ್ತು ಕಿಲೋಮೀಟರ್ ದೂರದ ಪೇಟೆಗೆ ಕಳಿಸಿಯಾಗಿತ್ತು. ಅಲ್ಲಿ ಅದು 26 ದಿನ ಕೂತಿತು. ಕೊನೆಗೆ "ಗಾಡಿಯಲ್ಲಿ ಏನೂ ದೋಷ ಇಲ್ಲ" ಅಂತ ವಾಪಸು ಬಂತು. ಮನೆಯಲ್ಲಿ ಪ್ಲಗ್ ಹಾಕಿದರೆ ಮತ್ತೆ ಅದೇ ಕತೆ, ಕೆಂಪು ದೀಪ. ಎರಡು ಸಲ ಪಿಕಪ್ ಬಾಡಿಗೆ ಹೋಯಿತು. ಅಷ್ಟು ದಿನ ಅಕ್ಕ ಅಂಗನವಾಡಿಗೆ ನಡೆದೇ ಹೋದಳು. ಭಾವ ನನ್ನೊಡನೆ ಮಾತು ಬಿಟ್ಟರು.

ದೋಷ ಎಲ್ಲಿತ್ತು?

ನಮ್ಮ ಊರಿನ ವಯರಿಂಗ್ ಮಾಡುವ ಹುಡುಗನನ್ನು ಕರಕೊಂಡು ಹೋದೆ. ಅವನು ಮೀಟರ್ ಹಿಡಿದು ಹತ್ತೇ ನಿಮಿಷದಲ್ಲಿ ಹೇಳಿದ: "ಅಣ್ಣಾ, ಗಾಡಿ ಸರಿ ಉಂಟು. ಈ ಮನೆಗೆ ಅರ್ತಿಂಗೇ ಇಲ್ಲ."

ಅರ್ತಿಂಗಿನ ಪೈಪ್ ಇತ್ತು. ಆದರೆ ಮುರಕಲ್ಲಿನ ನೆಲ. ಭಾವ ಗಾಡಿ ಕೊಂಡದ್ದು ಮಳೆಗಾಲದಲ್ಲಿ. ನೆಲ ಒದ್ದೆ ಇದ್ದಷ್ಟು ದಿನ ಚಾರ್ಜ್ ಸರಾಗ ಆಯಿತು. ಏಪ್ರಿಲಿಗೆ ಕಲ್ಲು ಕಾದು ಒಣಗಿದಾಗ ಪೈಪ್ ಇದ್ದೂ ಇಲ್ಲದ ಹಾಗೆ. ಅರ್ತಿಂಗ್ ಸರಿ ಇಲ್ಲ ಎಂದು ಕಂಡ ಕೂಡಲೇ ಚಾರ್ಜರ್ ಕರೆಂಟ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಿತ್ತು. ಅದು ನಮ್ಮ ಜೀವ ಉಳಿಸಲಿಕ್ಕೆ ಇಟ್ಟ ಏರ್ಪಾಡು. ಜತೆಗೆ ಸಂಜೆ ಸುತ್ತಲಿನ ಪಂಪುಗಳೆಲ್ಲ ಓಡುವಾಗ ವೋಲ್ಟೇಜ್ 170ಕ್ಕೆ ಇಳಿಯುತ್ತಿತ್ತು.

ಬಚ್ಚಲಿನ ನೀರು ಹರಿಯುವ ಬದಿಯಲ್ಲಿ ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಪದರ ಪದರ ಹಾಕಿ ಪೈಪ್ ಇಳಿಸಿದೆವು. ಚಾರ್ಜ್ ಮಾಡುವ ಹೊತ್ತನ್ನು ಬೆಳಗಿನ ಜಾವಕ್ಕೆ ಬದಲಿಸಿದೆವು. ಮೂರು ಸಾವಿರದೊಳಗೆ ಮುಗಿಯಿತು. ಆ ಗಾಡಿ ಇವತ್ತಿಗೂ ಓಡುತ್ತಿದೆ. ಭಾವನೂ ಮಾತಾಡುತ್ತಾರೆ.

ಆದರೆ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಅವರ ಮನೆಗೆ ನೂರು ಸಲ ಹೋಗಿದ್ದೇನೆ. ಮೈಲೇಜ್ ಹೇಳಿದೆ, ಉಳಿತಾಯ ಹೇಳಿದೆ. "ಪ್ಲಗ್ ಎಲ್ಲಿ, ಅರ್ತಿಂಗ್ ಹೇಗುಂಟು" ಅಂತ ಒಂದು ಸಲ ಕೇಳಲಿಲ್ಲ. ನಾನು ಮಾಡಿದ್ದು ಶಿಕ್ಷಣ ಅಲ್ಲ, ಪುಕ್ಕಟೆ ಜಾಹೀರಾತು.

ಬೇರೆಡೆ ಹೀಗೆ ದುಡಿದವರು

ನನ್ನ ಹಾಗೆ ಸ್ವಂತ ಖುಷಿಯಿಂದ ಈ ಕೆಲಸಕ್ಕೆ ಇಳಿದವರು ಲೋಕದಲ್ಲಿ ಬೇಕಾದಷ್ಟು ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1967ರಲ್ಲೇ ವಿದ್ಯುತ್ ಕಾರಿನ ಆಸಕ್ತರು ಸೇರಿ 'ಎಲೆಕ್ಟ್ರಿಕ್ ಆಟೋ ಅಸೋಸಿಯೇಶನ್' ಕಟ್ಟಿದರು. ಅದೇ ರಾಜ್ಯದಲ್ಲಿ ಜನರಲ್ ಮೋಟಾರ್ಸ್ ಕಂಪೆನಿ 1996ರಿಂದ 'ಇವಿ1' ಎಂಬ ಕಾರನ್ನು ಬಾಡಿಗೆಗೆ ಕೊಟ್ಟು, ಆಮೇಲೆ ಎಲ್ಲವನ್ನೂ ಹಿಂದೆ ಪಡೆದು ಹೆಚ್ಚಿನವನ್ನು ಜಜ್ಜಿ ಹಾಕಿತು. ಅದನ್ನು ಓಡಿಸಿದವರು 2005ರಲ್ಲಿ ಬರ್‌ಬ್ಯಾಂಕ್ ಎಂಬಲ್ಲಿ ಕಾರುಗಳಿಟ್ಟಿದ್ದ ಜಾಗದ ಎದುರು ಹಗಲು ರಾತ್ರಿ ಕಾವಲು ಕೂತರು. ಹಣ ಕೊಟ್ಟು ಕೊಳ್ಳುತ್ತೇವೆ ಅಂದರೂ ಸಿಗಲಿಲ್ಲ. ಆದರೆ ಅಂಥವರ ಸಂಘಟನೆ ಮುಂದೆ ಬೆಳೆಯಿತು.

ನಾರ್ವೆಯ ಕತೆ ಇನ್ನೂ ಸ್ವಾರಸ್ಯ. 1989ರಲ್ಲಿ ಪರಿಸರ ಹೋರಾಟಗಾರ ಫ್ರೆಡೆರಿಕ್ ಹೌಗೆ ಮತ್ತು 'ಆ-ಹಾ' ಸಂಗೀತ ತಂಡದ ಗಾಯಕರು ಬ್ಯಾಟರಿಗೆ ಮಾರ್ಪಡಿಸಿದ ಒಂದು ಫಿಯಟ್ ಪಾಂಡಾ ಕಾರು ತಂದು, ಸುಂಕದ ಗೇಟಿನಲ್ಲಿ ಸುಂಕ ಕೊಡದೆ ಓಡಾಡಿದರು. ದಂಡ ಬಿತ್ತು, ಕಾರು ಜಪ್ತಿಯಾಯಿತು. ಬಿಡದೆ ಅದನ್ನೇ ಮಾಡಿದರು. 1995ರಲ್ಲಿ ಅಲ್ಲಿ ವಿದ್ಯುತ್ ಕಾರಿನವರ ಸಂಘ ಹುಟ್ಟಿತು. 1997ರಲ್ಲಿ ಸುಂಕ ಮಾಫಿ, 2001ರಲ್ಲಿ ಮಾರಾಟ ತೆರಿಗೆ ಮಾಫಿ ಆಯಿತು. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಿರ ಹತ್ತಿರ ನೂರಕ್ಕೆ 89 ವಿದ್ಯುತ್ತಿನವು.

"ಅದು ದುಡ್ಡಿನ ದೇಶ ಮಾರಾಯ್ರೇ" ಅಂತೀರಿ. ಹೌದು. ಬೇಕಾದಷ್ಟು ಜಲವಿದ್ಯುತ್ತೂ ಅವರಲ್ಲಿದೆ. ಅವರ ತೆರಿಗೆ ಮಾಫಿಯನ್ನು ನಾವು ನಕಲು ಮಾಡಲಿಕ್ಕಾಗದು. ಆದರೆ ಒಂದು ಮಾತು ಕಲಿಯಬಹುದು: ಈ ಜನ ಹೊಗಳಿ ಮನೆಗೆ ಹೋದವರಲ್ಲ. ಓಡಿಸುವವರಿಗೆ ಅಡ್ಡ ಬಂದದ್ದು ಯಾವುದು ಅಂತ ನೋಡಿ ಅದರ ಬೆನ್ನು ಹಿಡಿದರು.

ನಮ್ಮ ಊರಿನ ಅಡ್ಡಿ

ನಮಗೆ ಅಡ್ಡ ಬರುವುದು ಸುಂಕದ ಗೇಟ್ ಅಲ್ಲ. ಅರ್ತಿಂಗ್, ವೋಲ್ಟೇಜ್, ದುರಸ್ತಿ, ಈ ಮೂರು. ಇಲ್ಲಿ ಈ ಕೆಲಸಕ್ಕೆ ಇಳಿಯುವವನ ಚೀಲದಲ್ಲಿ ಬಣ್ಣದ ಕರಪತ್ರದ ಬದಲು ಒಂದು ವೋಲ್ಟ್ ಮೀಟರ್ ಇರಬೇಕು.

ಸಬ್ಸಿಡಿಯನ್ನೇ ನಂಬಿ ಮಾತಾಡಿದವರ ಗತಿ ಏನಾಯಿತು ಗೊತ್ತಲ್ಲ. 2023ರ ಜೂನಿನಲ್ಲಿ ಕೇಂದ್ರವು ದ್ವಿಚಕ್ರ ವಾಹನದ ಸಹಾಯಧನವನ್ನು ಬ್ಯಾಟರಿಯ ಒಂದು ಕಿಲೋವಾಟ್ ಅವರ್‌ಗೆ 15,000ದಿಂದ 10,000 ರೂಪಾಯಿಗೆ ಇಳಿಸಿತು. ಬೆಲೆ ಏರಿತು, ಇವರ ಬಾಯಿ ಕಟ್ಟಿತು. ಬೆಂಕಿಯ ಮಾತೂ ಹಾಗೆಯೇ. 2022ರಲ್ಲಿ ದೇಶದ ಹಲವು ಕಡೆ ಸ್ಕೂಟರುಗಳಿಗೆ ಬೆಂಕಿ ಬಿದ್ದದ್ದು ನಿಜ. ಆ ಮೇಲೆ ಬ್ಯಾಟರಿ ಸುರಕ್ಷೆಯ ನಿಯಮ ಎಐಎಸ್ 156ನ್ನು ಬಿಗಿ ಮಾಡಿ ಅದೇ ಡಿಸೆಂಬರಿನಿಂದ ಹಂತ ಹಂತವಾಗಿ ಜಾರಿಗೆ ತಂದದ್ದೂ ನಿಜ. ಎರಡನ್ನೂ ಒಟ್ಟಿಗೆ ಹೇಳಿದರೆ ಜನ ನಂಬುತ್ತಾರೆ. "ಅದೆಲ್ಲ ಸುಳ್ಳು" ಅಂದರೆ ಮುಂದಿನ ಮಾತನ್ನೂ ನಂಬುವುದಿಲ್ಲ.

ನನ್ನ ಲೆಕ್ಕ

ಪೂರ್ತಿ ಹೇಳಬೇಕು ಅಂದ ಮೇಲೆ ನನ್ನ ಲೆಕ್ಕವನ್ನೂ ಕೊಡುತ್ತೇನೆ. ನನ್ನ ಗಾಡಿ ಈವರೆಗೆ 31,000 ಕಿಲೋಮೀಟರ್ ಓಡಿದೆ. ನಮ್ಮ ಏರು ತಗ್ಗಿನ ದಾರಿಯಲ್ಲಿ ನೂರು ಕಿಲೋಮೀಟರಿಗೆ ಮೂರೂವರೆ ಯೂನಿಟ್ ಬೇಕು. ಯೂನಿಟಿಗೆ ಏಳು ರೂಪಾಯಿ ಹಿಡಿದರೂ 25 ರೂಪಾಯಿ. ಹಳೆ ಪೆಟ್ರೋಲ್ ಸ್ಕೂಟರಿಗೆ ಅಷ್ಟೇ ದೂರಕ್ಕೆ 225 ರೂಪಾಯಿ ಬೀಳುತ್ತಿತ್ತು. ಒಟ್ಟು ಉಳಿದದ್ದು ಸುಮಾರು 62,000.

ಚೆನ್ನಾಗಿ ಉಂಟಲ್ಲ? ಈಗ ಮತ್ತೊಂದು ಬದಿ. ವಾರಂಟಿ ಮುಗಿದ ಮೇಲೆ ಬ್ಯಾಟರಿ ಹೋದರೆ ಹೊಸದಕ್ಕೆ ಅರ್ಧ ಲಕ್ಷದ ಮೇಲೆ ಬೇಕು. ಅಂದರೆ ನನ್ನ ಉಳಿತಾಯದ ಬಹುಪಾಲನ್ನು ಅದಕ್ಕಾಗಿ ತೆಗೆದಿಡಬೇಕು. ಗೃಹಜ್ಯೋತಿಯಲ್ಲಿ ಇರುವವರು ಸ್ಕೂಟರ್ ಚಾರ್ಜಿನಿಂದಾಗಿ ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕೈಯಿಂದ ಕಟ್ಟಬೇಕು. ಎರಡು ಗೋಣಿ ಹಿಂಡಿ ಹೇರಿಕೊಂಡು ಗುಡ್ಡ ಹತ್ತಿದರೆ ಹೇಳಿದ ಮೈಲೇಜಿನ ಅರ್ಧವೂ ಸಿಗದು. ಇಷ್ಟು ಹೇಳಿದ ಮೇಲೂ ನಾನು ಇದನ್ನೇ ಓಡಿಸುತ್ತೇನೆ. ಮಗನಿಗೂ ಇದನ್ನೇ ಹೇಳುತ್ತೇನೆ.

ಈಗ ನಾವು ಮಾಡುವುದು

ಕಳೆದ ಎರಡು ವರ್ಷದಿಂದ ನಾವು ಐದು ಜನ, ತಿಂಗಳಿಗೊಂದು ಆದಿತ್ಯವಾರ ಹಾಲಿನ ಸೊಸೈಟಿಯ ಅಂಗಳದಲ್ಲಿ ಗಾಡಿ ತಂದು ನಿಲ್ಲಿಸುತ್ತೇವೆ. ಬಂದವರು ಓಡಿಸಿ ನೋಡಲಿ, ಕರೆಂಟ್ ಬಿಲ್ಲು ಬಿಡಿಸಿ ನೋಡಲಿ. ನಮಗೆ ನಾವೇ ಹಾಕಿಕೊಂಡ ನಿಯಮ ನಾಲ್ಕು. ಅಂಗಡಿಯವರಿಂದ ಒಂದು ಚಹಾ ಸಹಾ ಕುಡಿಯಬಾರದು. ಮೊದಲು ಗಾಡಿಯ ತೊಂದರೆ ಹೇಳಬೇಕು, ಆಮೇಲೆ ಗುಣ. ಕೊಳ್ಳುವ ಮೊದಲು ಅವರ ಮನೆಗೆ ಹೋಗಿ ಪ್ಲಗ್, ಅರ್ತಿಂಗ್, ವೋಲ್ಟೇಜ್ ನೋಡಬೇಕು. ಕೊಂಡ ಮೇಲೆ ಒಂದು ವರ್ಷ ಫೋನ್ ಬಂದರೆ ಹೋಗಬೇಕು.

ಸಂಜೆಯ ವೋಲ್ಟೇಜಿನ ಬಗ್ಗೆ ಮೂವತ್ತೆರಡು ಮನೆಯವರ ಸಹಿ ಹಾಕಿಸಿ ವಿದ್ಯುತ್ ಕಚೇರಿಗೆ ಕೊಟ್ಟಿದ್ದೇವೆ. ಪ್ರತಿದಿನದ ವೋಲ್ಟೇಜ್ ಬರೆದ ಪುಸ್ತಕವನ್ನೂ ಜತೆಗಿಟ್ಟಿದ್ದೇವೆ. ಇನ್ನೂ ಕೆಲಸ ಆಗಿಲ್ಲ, ತಿಂಗಳಿಗೊಮ್ಮೆ ಹೋಗಿ ಕೇಳುತ್ತೇವೆ.

"ತೊಂದರೆ ಮೊದಲು ಹೇಳಿದರೆ ಯಾರು ಕೊಳ್ಳುತ್ತಾರೆ?" ಅಂತ ಗೆಳೆಯರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ. ಕೆಲವರು ನಮ್ಮ ಮಾತು ಕೇಳಿ ಪೆಟ್ರೋಲ್ ಗಾಡಿಯನ್ನೇ ತಂದಿದ್ದಾರೆ. ಅದರಲ್ಲಿ ಒಬ್ಬರು ದಿನಾ ಹಿಂಡಿ ಹೇರುವವರು, ಅವರಿಗೆ ಅದೇ ಸರಿ. ಅವರೇ ತಮ್ಮ ತಮ್ಮನನ್ನು ನಮ್ಮಲ್ಲಿಗೆ ಕಳಿಸಿದರು: "ಅವರು ಸುಳ್ಳು ಹೇಳುವುದಿಲ್ಲ, ಕೇಳಿ ಬಾ" ಅಂತ. ತಮ್ಮ ಕೊಂಡರು.

ಗೋಬರ್ ಗ್ಯಾಸ್ ನಮ್ಮ ಊರಲ್ಲಿ ಹಬ್ಬಿದ್ದು ಹೇಗೆ? ಪಕ್ಕದ ಮನೆಯ ಅತ್ತಿಗೆ ಒಲೆ ಹೊತ್ತಿಸಿ ತೋರಿಸಿದರು, ಜತೆಗೇ "ಮಳೆಗಾಲದಲ್ಲಿ ಗ್ಯಾಸ್ ಕಡಮೆ, ಸೆಗಣಿ ಕಲಸುವ ಕೆಲಸ ಉಂಟು" ಅಂತಲೂ ಹೇಳಿದರು. ಎರಡೂ ಕೇಳಿ ಮಾಡಿಸಿಕೊಂಡವರ ಒಲೆ ಇವತ್ತಿಗೂ ಉರಿಯುತ್ತಿದೆ. ಸಬ್ಸಿಡಿಯ ಆಸೆಗೆ ಮಾಡಿಸಿಕೊಂಡವರ ಗುಂಡಿಯಲ್ಲಿ ಕಳೆ ಬೆಳೆದಿದೆ.

ವಿದ್ಯುತ್ ಗಾಡಿ ಇಟ್ಟುಕೊಂಡ ಕೃಷಿಕ ಬಂಧುಗಳೇ, ನಿಮ್ಮ ಊರಲ್ಲೂ ನೀವು ಮಾತಾಡಿ. ಮಾತಾಡುವ ಮೊದಲು ಕೇಳುವವರ ಮನೆಯ ಅರ್ತಿಂಗ್ ನೋಡಿ ಬನ್ನಿ. ನಿಮ್ಮ ಗಾಡಿ ಎಲ್ಲಿ ಕೈಕೊಟ್ಟಿತು, ಹೇಗೆ ಸರಿಯಾಯಿತು ಅಂತ ಪತ್ರಿಕೆಗೂ ನಾಲ್ಕು ಸಾಲು ಬರೆಯಿರಿ. ಇನ್ನೊಬ್ಬರ ಗಾಡಿ 26 ದಿನ ಮಲಗುವುದು ತಪ್ಪಲಿ.